ಒಮ್ಮೆ ಹಿಡಿಯುತ್ತದೆ, ಒಮ್ಮೆ ಇಲ್ಲ: ಹಳೆಯ ಪೆಟ್ರೋಲ್ ಕಾರಿನ ಸ್ಟಾರ್ಟಿಂಗ್ ಮತ್ತು ಐಡ್ಲಿಂಗ್ ದೋಷ ಹುಡುಕುವ ಬಗೆ

ಬಂದು ಹೋಗುವ ದೋಷದಷ್ಟು ಜೀವ ಹಿಂಡುವುದು ಬೇರೊಂದಿಲ್ಲ. ಗ್ಯಾರೇಜಿನ ಮುಂದೆ ಕಾರು ಒಂದೇ ಸೆಲ್ಫಿಗೆ (ಕೀ ತಿರುಗಿಸಿದಾಗ ಇಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟಾರಿಗೆ) ಸ್ಟಾರ್ಟ್ ಆಗುತ್ತದೆ. "ಚೆನ್ನಾಗಿಯೇ ಇದೆಯಲ್ಲ ಸಾರ್" ಎಂದು ಮೆಕ್ಯಾನಿಕ್ ಬಾನೆಟ್ ಮುಚ್ಚುತ್ತಾರೆ. ಮರುದಿನ ಬೆಳಗಿನ ಜಾವ ಸೇವಂತಿಗೆ ಮೂಟೆ ತುಂಬಿಕೊಂಡು ಚಿಕ್ಕಬಳ್ಳಾಪುರದ ಹೂವಿನ ಮಾರುಕಟ್ಟೆಗೆ ಹೊರಡುವ ಹೊತ್ತಿಗೆ ಅದೇ ಓಮ್ನಿ ಮಿಸುಕುವುದಿಲ್ಲ. ಆಮೇಲೆ ಶುರುವಾಗುವುದು ಬದಲಾವಣೆಯ ಸರಣಿ: ಮೊದಲು ಪ್ಲಗ್, ನಂತರ ಬ್ಯಾಟರಿ, ಆಮೇಲೆ ಕಿಡಿಗೆ ವಿದ್ಯುತ್ ಕೊಡುವ ಕಾಯಿಲ್, ಕೊನೆಗೆ ಗಾಳಿ, ಪೆಟ್ರೋಲ್ ಬೆರೆಸುವ ಕಾರ್ಬುರೇಟರಿನ ಕಿಟ್. ಸಾವಿರಾರು ರೂಪಾಯಿ ಖರ್ಚಾದರೂ ದೋಷ ಇದ್ದಲ್ಲೇ ಇರುತ್ತದೆ.

ಇಂಥ ದೋಷ ಯಾವಾಗ ಬರುತ್ತದೆ ಎಂಬುದೇ ಅದು ಎಲ್ಲಿದೆ ಎಂಬುದಕ್ಕೆ ಸಾಕ್ಷಿ. ಚಳಿಗೆ ಬರುವ ದೋಷ ಬೇರೆ, ಬಿಸಿಲಿಗೆ ಬರುವುದು ಬೇರೆ, ಮಳೆಗೆ ಬರುವುದು ಬೇರೆ. ಅದನ್ನು ತಿಳಿಯದೆ ಒಂದು ಬಿಡಿಭಾಗವನ್ನೂ ಕೊಳ್ಳಬೇಡಿ.

ಮಾರುತಿ 800, ಓಮ್ನಿ, ಜೆನ್, ಎಸ್ಟೀಮ್, ಮೊದಲ ಪೀಳಿಗೆಯ ಸ್ಯಾಂಟ್ರೊ, ಪದ್ಮಿನಿ, ಪೆಟ್ರೋಲ್ ಅಂಬಾಸಿಡರ್ ಮುಂತಾದ ಕಾರುಗಳನ್ನು ಇಂದಿಗೂ ಓಡಿಸುತ್ತಿರುವವರಿಗಾಗಿ ಇದನ್ನು ಬರೆದಿದ್ದೇನೆ. 800 ಕಾರು 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು, 2014ರ ಜನವರಿಯಲ್ಲಿ ತಯಾರಿಕೆ ನಿಲ್ಲಿಸಿತು. ಆ ಅವಧಿಯ ನಡುವೆ, 2000ನೇ ಇಸವಿಯ ಆಸುಪಾಸಿನಲ್ಲಿ, ಕಾರ್ಬುರೇಟರ್ ಹೋಗಿ, ಕಂಪ್ಯೂಟರಿನ ಲೆಕ್ಕದಂತೆ ಇಂಜೆಕ್ಟರಿನಿಂದ ಪೆಟ್ರೋಲ್ ಸಿಂಪಡಿಸುವ ಎಂಪಿಎಫ್‌ಐ ಬಂತು. ನಿಮ್ಮದು ಯಾವುದು ಎಂದು ಮೊದಲು ಗುರುತಿಸಿ. ಡ್ಯಾಶ್‌ಬೋರ್ಡಿನಲ್ಲಿ ಎಳೆಯುವ ಚೋಕ್ (ತಣ್ಣನೆಯ ಇಂಜಿನ್ನಿಗೆ ಗಾಳಿ ತಗ್ಗಿಸುವ) ಗುಂಡಿ ಇದ್ದರೆ ಕಾರ್ಬುರೇಟರ್. ಕೀ ಆನ್ ಮಾಡಿದಾಗ ಇಂಜಿನ್ ಚಿತ್ರದ ಹಳದಿ ದೀಪ ಹತ್ತಿದರೆ ಎಂಪಿಎಫ್‌ಐ. ಮುಂದಿನ ಅರ್ಧ ಪರೀಕ್ಷೆಗಳು ಇದರ ಮೇಲೆಯೇ ನಿಂತಿವೆ.

ಮೊದಲು ಒಂದು ಚೀಟಿ

ಕಾರಿನಲ್ಲಿ ಒಂದು ಪುಟ್ಟ ಪುಸ್ತಕ ಇಟ್ಟುಕೊಳ್ಳಿ. ದೋಷ ಕಾಣಿಸಿಕೊಂಡಾಗಲೆಲ್ಲ ಬರೆಯಿರಿ: ಇಂಜಿನ್ ತಣ್ಣಗಿತ್ತೇ, ಕುದಿಯುವಷ್ಟು ಬಿಸಿಯಿತ್ತೇ, ನಡುವೆಯೇ? ನಿಲ್ಲಿಸಿ ಎಷ್ಟು ಹೊತ್ತಾಗಿತ್ತು? ಸೆಲ್ಫ್ ಜೋರಾಗಿ ತಿರುಗಿತೇ, ಎಳೆದಾಡಿತೇ, ತಿರುಗಲೇ ಇಲ್ಲವೇ? ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿತ್ತು, ಎಲ್ಲಿ ತುಂಬಿಸಿದ್ದು? ಮಳೆ, ಮಂಜು ಇತ್ತೇ? ಹೆಡ್‌ಲೈಟ್, ಎಸಿ ಆನ್ ಇತ್ತೇ? ಪೆಟ್ರೋಲ್ ವಾಸನೆ ಬಂತೇ? ಎಷ್ಟು ನಿಮಿಷದ ಮೇಲೆ ತಾನಾಗಿ ಸರಿಹೋಯಿತು? ಈ ಕೊನೆಯ ಪ್ರಶ್ನೆಗೆ ಹೆಚ್ಚಿನವರ ಬಳಿ ಉತ್ತರವೇ ಇರುವುದಿಲ್ಲ, ಆದರೆ ಮೆಕ್ಯಾನಿಕ್‌ಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಅದೇ. ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಕೈ ಹಾಕುವ ಮುನ್ನ

ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸಬೇಡಿ. ಸೈಲೆನ್ಸರಿನಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ; ತಲೆ ಸುತ್ತುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಚಕ್ರಕ್ಕೆ ಕಲ್ಲು ಕೊಟ್ಟಿರಲಿ. ಹೆಗಲ ಮೇಲಿನ ಟವೆಲ್, ಸೆರಗು, ದುಪಟ್ಟಾ ತೆಗೆದಿಡಿ ಅಥವಾ ಬಿಗಿಯಾಗಿ ಕಟ್ಟಿಕೊಳ್ಳಿ. ರೇಡಿಯೇಟರಿನ ಫ್ಯಾನ್ ಇಂಜಿನ್ ನಿಂತ ಮೇಲೂ ಇದ್ದಕ್ಕಿದ್ದಂತೆ ತಿರುಗಬಹುದು. ಬಿಸಿ ರೇಡಿಯೇಟರಿನ ಮುಚ್ಚಳ ತೆರೆಯಬೇಡಿ. ಬ್ಯಾಟರಿಯಿಂದ ಜಲಜನಕ ಅನಿಲ ಹೊರಬರುತ್ತದೆ, ಕಾರ್ಬುರೇಟರಿನ ಬಳಿ ಪೆಟ್ರೋಲ್ ಆವಿ ಇರುತ್ತದೆ. ಬೀಡಿ, ಸಿಗರೇಟು, ಬೆಂಕಿಕಡ್ಡಿ ಹತ್ತಿರ ಸುಳಿಯಕೂಡದು. ಬ್ಯಾಟರಿ ಕಳಚುವಾಗ ಮೊದಲು ಮೈನಸ್ ತೆಗೆಯಿರಿ, ಹಾಕುವಾಗ ಅದನ್ನು ಕೊನೆಗೆ ಹಾಕಿ.

ಎಲ್‌ಪಿಜಿ ಕಿಟ್ ಇರುವ ಓಮ್ನಿಯಲ್ಲಿ ಅನಿಲದ ವಾಸನೆ ಬಂದರೆ ಯಾವ ಪರೀಕ್ಷೆಗೂ ಇಳಿಯಬೇಡಿ. ಕೀ ಮುಟ್ಟಬೇಡಿ. ಎಲ್ಲರನ್ನೂ ಕೆಳಗಿಳಿಸಿ, ಸಿಲಿಂಡರಿನ ಕವಾಟಕ್ಕೆ ಸುಲಭವಾಗಿ ಕೈ ಎಟುಕುವಂತಿದ್ದರೆ ಮುಚ್ಚಿ, ಬಾಗಿಲುಗಳನ್ನು ತೆರೆದಿಟ್ಟು ದೂರ ಸರಿಯಿರಿ. ಉಳಿದದ್ದು ಕಿಟ್ ಹಾಕುವ ಅಧಿಕೃತ ಅಂಗಡಿಯವರ ಕೆಲಸ.

ಕೀ ತಿರುಗಿಸಿದರೆ ಬರೀ ಟಕ್ ಎನ್ನುತ್ತದೆ

ಸದ್ದನ್ನು ಗಮನವಿಟ್ಟು ಕೇಳಿ. ಟಕಟಕಟಕ ಎಂದು ಒಂದೇ ಸಮನೆ ಬಡಿದುಕೊಂಡರೆ ಬ್ಯಾಟರಿಯಲ್ಲಿ ಶಕ್ತಿಯಿಲ್ಲ, ಇಲ್ಲವೇ ಶಕ್ತಿ ಸೆಲ್ಫಿನವರೆಗೆ ತಲುಪುತ್ತಿಲ್ಲ. ಒಂದೇ ಒಂದು ಗಟ್ಟಿ 'ಟಕ್' ಬಂದು ಸುಮ್ಮನಾದರೆ, ಹೆಡ್‌ಲೈಟೂ ಮಂಕಾಗದಿದ್ದರೆ ಅನುಮಾನ ಸೆಲ್ಫ್ ಮೋಟಾರಿನ ಮೇಲೆ. ಯಾವ ಸದ್ದೂ ಇಲ್ಲದಿದ್ದರೆ ಫ್ಯೂಸ್, ಕೀ ಸ್ವಿಚ್, ಸೆಲ್ಫಿಗೆ ಹೋಗುವ ಸಣ್ಣ ವೈರ್ ನೋಡಬೇಕು.

ಹಣ ಖರ್ಚಾಗದ ಕೆಲಸ ಮೊದಲು. ಬ್ಯಾಟರಿಯ ಟರ್ಮಿನಲ್ ಹಿಡಿದು ಅಲ್ಲಾಡಿಸಿ. ಕೈಯಿಂದ ತಿರುಗಿದರೆ ಅದೇ ದೋಷ. ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಕ್ಲ್ಯಾಂಪ್ ಕಳಚಿ, ಬಿಸಿನೀರು ಹಾಕಿ, ಮರಳು ಕಾಗದದಿಂದ ಒಳಮೈ ಹೊಳೆಯುವ ತನಕ ಉಜ್ಜಿ, ಒಣಗಿಸಿ ಬಿಗಿ ಮಾಡಿ, ಮೇಲೆ ತೆಳುವಾಗಿ ವ್ಯಾಸಲೀನ್ ಸವರಿ. ಮುಚ್ಚಳ ಬಿಚ್ಚುವ ಬಗೆಯ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು. ನಮ್ಮ ಕಡೆಯ ಬೋರ್‌ವೆಲ್ ನೀರು ಪಾತ್ರೆಯಲ್ಲೇ ಬಿಳಿ ಗಟ್ಟಿ ಕಟ್ಟುತ್ತದೆ. ಬ್ಯಾಟರಿಗೆ ಅದು ವಿಷ.

ನಂತರ ಮಲ್ಟಿಮೀಟರ್. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಈ ಸಾಧನ ಹಳೆಯ ಕಾರು ಇಟ್ಟುಕೊಂಡವರ ಮನೆಯಲ್ಲಿ ಇರಲೇಬೇಕು. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಪೂರ್ತಿ ಚಾರ್ಜ್ ಇದೆ. 12.2ಕ್ಕಿಂತ ಕೆಳಗಿದ್ದರೆ ಅರ್ಧಕ್ಕೂ ಕಡಿಮೆ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಕುಸಿಯಬಾರದು. ಇಂಜಿನ್ ಓಡುವಾಗ 13.8ರಿಂದ 14.4ರ ನಡುವೆ ಇರಬೇಕು. ಇಲ್ಲದಿದ್ದರೆ ಹೊಸ ಬ್ಯಾಟರಿ ಹಾಕಿಯೂ ಪ್ರಯೋಜನವಿಲ್ಲ, ಆಲ್ಟರ್ನೇಟರ್ ಅಥವಾ ಅದರ ಬೆಲ್ಟ್ ನೋಡಿ.

ಬ್ಯಾಟರಿ ಚೆನ್ನಾಗಿದ್ದೂ ಸೆಲ್ಫ್ ಎಳೆದಾಡಿದರೆ ಅರ್ತ್, ಅಂದರೆ ಬ್ಯಾಟರಿಯ ಮೈನಸ್ ಕಂಬವನ್ನು ಇಂಜಿನ್ನಿಗೆ ಜೋಡಿಸುವ ವೈರ್ ಪರೀಕ್ಷಿಸಿ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೂ ಇನ್ನೊಂದನ್ನು ಇಂಜಿನ್ನಿನ ಬರಿಯ ಲೋಹಕ್ಕೂ ಒತ್ತಿ ಹಿಡಿದು, ಬೇರೆಯವರಿಂದ ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ತ್ ವೈರ್ ತುಕ್ಕು ಹಿಡಿದಿದೆ ಅಥವಾ ಸಡಿಲಾಗಿದೆ ಎಂದೇ ಅರ್ಥ. 'ಒಮ್ಮೆ ಸರಿ, ಒಮ್ಮೆ ಇಲ್ಲ' ಎನ್ನುವ ಕಾರುಗಳಲ್ಲಿ ಹೆಚ್ಚಿನವರು ಕೊನೆಗೆ ನೋಡುವ, ಮೊದಲೇ ನೋಡಬೇಕಾದ ತಂತಿ ಇದು. ಗೇರ್‌ಬಾಕ್ಸಿಗೆ ಬೋಲ್ಟ್ ಹಾಕಿದ ಜಾಗದಲ್ಲಿ ಎಣ್ಣೆ, ಧೂಳು, ತುಕ್ಕು ಸೇರಿ ಕರಿ ಪದರ ಕಟ್ಟಿರುತ್ತದೆ. ಬಿಚ್ಚಿ ಉಜ್ಜಿ ಹಾಕಿದರೆ ಕೆಲಸ ಮುಗಿಯಿತು.

ತಳ್ಳಿದರೆ ತಕ್ಷಣ ಸ್ಟಾರ್ಟ್ ಆಗುತ್ತದೆ ಎಂದರೆ ಪೆಟ್ರೋಲೂ ಕಿಡಿಯೂ ಸರಿಯಿವೆ, ದೋಷ ಬ್ಯಾಟರಿ–ಸೆಲ್ಫ್ ಕಡೆಗಿದೆ ಎಂದು ಖಚಿತ. ಆದರೆ ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಕಾರನ್ನು ಪದೇ ಪದೇ ತಳ್ಳಬೇಡಿ. ಉರಿಯದ ಪೆಟ್ರೋಲ್ ಅದರೊಳಗೆ ಹೋಗಿ ಕೆಡಿಸುತ್ತದೆ.

ಸೆಲ್ಫ್ ಚುರುಕಾಗಿ ತಿರುಗುತ್ತದೆ, ಬೆಳಗ್ಗೆ ಮಾತ್ರ ಹಿಡಿಯುವುದಿಲ್ಲ

ಡಿಸೆಂಬರ್, ಜನವರಿಯಲ್ಲಿ ನಂದಿ, ಸ್ಕಂದಗಿರಿ ತಪ್ಪಲಿನ ಹಳ್ಳಿಗಳಲ್ಲಿ ಇದು ಮಾಮೂಲಿ ದೂರು. ಒಂದೊಂದು ಸೆಲ್ಫ್ ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ. ನಡುವೆ ಅರ್ಧ ನಿಮಿಷವಾದರೂ ಬಿಡಿ, ಇಲ್ಲದಿದ್ದರೆ ಸೆಲ್ಫ್ ಮೋಟಾರ್ ಸುಡುತ್ತದೆ.

ಕಾರ್ಬುರೇಟರ್ ಕಾರಿನಲ್ಲಿ ಏರ್ ಫಿಲ್ಟರ್ ಮುಚ್ಚಳ ತೆಗೆದು, ಚೋಕ್ ಗುಂಡಿ ಎಳೆದಾಗ ಒಳಗಿನ ತಗಡು ಪೂರ್ತಿ ಮುಚ್ಚುತ್ತದೆಯೇ ನೋಡಿ. ಹಳೆಯ ಕೇಬಲ್ ಜಗ್ಗಿ ಅರ್ಧಕ್ಕೇ ನಿಂತಿರುತ್ತದೆ. ಗುಂಡಿ ಮಾತ್ರ ಪೂರ್ತಿ ಹೊರಗೆ ಬಂದಿರುತ್ತದೆ. ಕಾರು ವಾರಗಟ್ಟಲೆ ನಿಂತಿದ್ದರೆ ಫ್ಲೋಟ್ ಚೇಂಬರಿನ (ಕಾರ್ಬುರೇಟರಿನೊಳಗೆ ಪೆಟ್ರೋಲ್ ನಿಲ್ಲುವ ಪುಟ್ಟ ತೊಟ್ಟಿಯ) ಪೆಟ್ರೋಲ್ ಆರಿಹೋಗಿರುತ್ತದೆ. ಹೊಸದು ತುಂಬುವ ತನಕ ನಾಲ್ಕೈದು ಸಲ ಸೆಲ್ಫ್ ಬೇಕಾಗುವುದು ಸಹಜ, ಅದು ದೋಷವಲ್ಲ.

ಎಂಪಿಎಫ್‌ಐ ಕಾರಿನಲ್ಲಿ ಕಿಟಕಿ ಮುಚ್ಚಿ, ರೇಡಿಯೊ ನಿಲ್ಲಿಸಿ, ಕೀ ಆನ್ ಮಾಡಿ. ಹಿಂದಿನ ಸೀಟಿನ ಕೆಳಗಿನಿಂದ ಒಂದೆರಡು ಸೆಕೆಂಡ್ 'ಝುಂ' ಎಂಬ ಸದ್ದು ಬರಬೇಕು. ಅದು ಪೆಟ್ರೋಲ್ ಪಂಪ್. ಬರದಿದ್ದರೆ ಫ್ಯೂಸ್, ರಿಲೇ, ಪಂಪ್ ಈ ಕ್ರಮದಲ್ಲಿ ನೋಡಿ. ಸದ್ದು ಬಂದರೂ ಹಿಡಿಯಲು ತಡವಾದರೆ ಹೀಗೆ ಮಾಡಿ: ಕೀ ಆನ್ ಮಾಡಿ, ಸದ್ದು ನಿಲ್ಲುವ ತನಕ ಕಾದು ಆಫ್ ಮಾಡಿ, ಇದನ್ನೇ ಇನ್ನೆರಡು ಬಾರಿ ಮಾಡಿ ನಂತರ ಸೆಲ್ಫ್ ಹೊಡೆಯಿರಿ. ಆಗ ಥಟ್ಟನೆ ಹಿಡಿದರೆ ರಾತ್ರಿಯಲ್ಲಿ ಪೈಪಿನ ಒತ್ತಡ ಇಳಿದುಹೋಗುತ್ತಿದೆ ಎಂದರ್ಥ. ಪಂಪಿನ ಕವಾಟ ಸೋರುತ್ತಿರಬಹುದು, ಇಲ್ಲವೇ ಇಂಜೆಕ್ಟರ್ ತೊಟ್ಟಿಕ್ಕುತ್ತಿರಬಹುದು. ಕಾಸಿಲ್ಲದ ಈ ಪರೀಕ್ಷೆ ಅರ್ಧ ದಿನದ ಹುಡುಕಾಟ ಉಳಿಸುತ್ತದೆ. ಮೂರು ಬಾರಿ ಮಾಡಿದರೂ ವ್ಯತ್ಯಾಸವಿಲ್ಲದಿದ್ದರೆ ಇಂಜಿನ್ ಶಾಖ ಅಳೆಯುವ ಸೆನ್ಸರ್ ಮೇಲೆ ಕಣ್ಣಿಡಿ. ಇಂಜಿನ್ ತಣ್ಣಗಿದ್ದರೂ ಬಿಸಿಯಿದೆ ಎಂದು ಅದು ಸುಳ್ಳು ಹೇಳಿದರೆ ಕಂಪ್ಯೂಟರ್ ಪೆಟ್ರೋಲ್ ಕಡಿಮೆ ಬಿಡುತ್ತದೆ.

ಆಮೇಲೆ ಪ್ಲಗ್ ಬಿಚ್ಚಿ. ತುದಿ ತಿಳಿ ಕಂದು ಬಣ್ಣದಲ್ಲಿದ್ದರೆ ಆರೋಗ್ಯ. ಒಣ ಕರಿ ಮಸಿ ಇದ್ದರೆ ಪೆಟ್ರೋಲ್ ಹೆಚ್ಚಾಗಿದೆ: ಚೋಕ್ ಸಿಕ್ಕಿಕೊಂಡಿರಬಹುದು, ಏರ್ ಫಿಲ್ಟರ್ ಕಟ್ಟಿರಬಹುದು. ಒದ್ದೆಯಾಗಿ ಪೆಟ್ರೋಲ್ ನಾರಿದರೆ ಕಿಡಿ ಬರುತ್ತಿಲ್ಲ, ಇಲ್ಲವೇ ಪೆಟ್ರೋಲ್ ಉಕ್ಕಿದೆ. ಜಿಗುಟು ಎಣ್ಣೆ ಇದ್ದರೆ ಇಂಜಿನ್ ಒಳಗಿನ ಸವೆತ. ಸುಟ್ಟ ಬಿಳುಪಾಗಿದ್ದರೆ ಗಾಳಿ ಹೆಚ್ಚು, ಇಲ್ಲವೇ ಇಂಜಿನ್ ಮಿತಿಮೀರಿ ಬಿಸಿಯಾಗುತ್ತಿದೆ. ಯಾವ ಸಿಲಿಂಡರಿನ ಪ್ಲಗ್ ಯಾವುದು ಎಂದು ಸಾಲಾಗಿ ಜೋಡಿಸಿಡಿ. ಒಂದು ಮಾತ್ರ ಬೇರೆ ಬಣ್ಣದ್ದಾಗಿದ್ದರೆ ಹುಡುಕಾಟ ಆ ಒಂದೇ ಸಿಲಿಂಡರಿಗೆ ಇಳಿಯಿತು.

ಕಲ್ಲು ಕ್ರಷರ್ ಇರುವ ರಸ್ತೆಗಳಲ್ಲಿ ಓಡಾಡುವವರು ಏರ್ ಫಿಲ್ಟರನ್ನು ಕಂಪನಿ ಹೇಳಿದ ಅವಧಿಗೆ ಕಾಯದೆ ಬಿಚ್ಚಿ ನೋಡಬೇಕು. ರಾಗಿ, ಕಡಲೆಕಾಯಿ ಮೂಟೆಯ ಪಕ್ಕ ಕಾರು ನಿಲ್ಲಿಸುವವರು ಇಲಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ. ಫಿಲ್ಟರ್ ಡಬ್ಬಿಯಲ್ಲಿ ಗೂಡು ಕಟ್ಟುತ್ತದೆ, ವೈರ್ ಕಡಿಯುತ್ತದೆ. ಅರ್ಧ ಕಡಿದ ವೈರ್ ಅಲುಗಾಡಿದಾಗ ಮಾತ್ರ ಕೈಕೊಡುತ್ತದೆ.

ನಂದಿ ಬೆಟ್ಟ ಹತ್ತಿ ನಿಲ್ಲಿಸಿದ ಮೇಲೆ ಸ್ಟಾರ್ಟ್ ಆಗುವುದಿಲ್ಲ

ಬಿಸಿ ಇಂಜಿನ್ ದೋಷಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷಾ ಜಾಗ ನಮ್ಮ ಜಿಲ್ಲೆಯಲ್ಲಿಲ್ಲ. ಮೊದಲ, ಎರಡನೇ ಗೇರಿನಲ್ಲಿ ತಿರುವುಗಳನ್ನು ಹತ್ತಿ ಬಂದ ಇಂಜಿನ್ ಕಾದಿರುತ್ತದೆ. ಓಡುವಾಗ ಗಾಳಿ, ನೀರು ಹರಿದು ಶಾಖ ಒಯ್ಯುತ್ತಿದ್ದವು. ನಿಲ್ಲಿಸಿದ ಕೂಡಲೇ ಎರಡೂ ನಿಂತು, ಮುಂದಿನ ಹತ್ತಿಪ್ಪತ್ತು ನಿಮಿಷ ಬಾನೆಟ್ ಕೆಳಗಿನ ಶಾಖ ಏರುತ್ತಲೇ ಹೋಗುತ್ತದೆ. ಕಾರ್ಬುರೇಟರ್ ಫ್ಲೋಟ್ ಚೇಂಬರಿನ ಪೆಟ್ರೋಲ್ ಕುದಿದು ಇಂಜಿನ್ನಿಗೆ ಉಕ್ಕುತ್ತದೆ. ಇಲ್ಲವೇ ಪೈಪಿನಲ್ಲಿ ಆವಿ ಕಟ್ಟಿ ಪಂಪ್ ಎಳೆಯಲಾರದೆ ಹೋಗುತ್ತದೆ.

ಎರಡನ್ನೂ ಬೇರ್ಪಡಿಸುವುದು ಮೂಗು. ಪೆಟ್ರೋಲ್ ವಾಸನೆ ಗಾಢವಾಗಿದ್ದರೆ ಉಕ್ಕಿದೆ. ಚೋಕ್ ಮುಟ್ಟದೆ, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಾಗೆಯೇ ಹಿಡಿದು ಸೆಲ್ಫ್ ಹೊಡೆಯಿರಿ. ಪಂಪ್ ಮಾಡಿದಂತೆ ಒತ್ತಿ ಬಿಟ್ಟು ಮಾಡಬೇಡಿ, ಪ್ರತಿ ಒತ್ತಿಗೂ ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ವಾಸನೆಯೇ ಇಲ್ಲದಿದ್ದರೆ ಆವಿ ಕಟ್ಟಿದೆ. ಬಾನೆಟ್ ತೆರೆದಿಟ್ಟು ಕಾಲು ಗಂಟೆ ಬಿಡಿ, ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ. ಒಮ್ಮೆ ಹೀಗಾದರೆ ಚಿಂತೆಯಿಲ್ಲ. ಪದೇ ಪದೇ ಆದರೆ ಪೆಟ್ರೋಲ್ ಪೈಪ್ ಸೈಲೆನ್ಸರಿನ ಕಡೆ ವಾಲಿದೆಯೇ, ಕಾರ್ಬುರೇಟರಿನ ಕೆಳಗಿನ ಶಾಖ ತಡೆಯುವ ದಪ್ಪ ಗ್ಯಾಸ್ಕೆಟ್ ಹಿಂದಿನ ರಿಪೇರಿಯಲ್ಲಿ ಮಾಯವಾಗಿದೆಯೇ ನೋಡಿಸಿ.

ಇನ್ನೊಂದು ಮಾತು. ಬೆಟ್ಟದ ತುದಿ ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳುವಾದಷ್ಟೂ ಕಾರ್ಬುರೇಟರಿನ ಮಿಶ್ರಣದಲ್ಲಿ ಪೆಟ್ರೋಲ್ ಪಾಲು ಹೆಚ್ಚುತ್ತದೆ. ಆದ್ದರಿಂದ ಮೇಲೆ ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದೆ ಇಂಜಿನ್ ನಿಧಾನವಾಗಿ ಓಡುವುದು) ಸ್ವಲ್ಪ ಒರಟಾದರೆ ಗಾಬರಿಯಾಗಿ ಸ್ಕ್ರೂ ತಿರುಗಿಸಬೇಡಿ. ಕೆಳಗಿಳಿದು ಸಮತಟ್ಟಿನಲ್ಲಿ ಓಡಿಸಿ, ಆಮೇಲೆ ತೀರ್ಮಾನಿಸಿ.

ಬಿಸಿಯಲ್ಲಿ ಕೈಕೊಟ್ಟು ತಣಿದ ಮೇಲೆ ತಪ್ಪದೆ ಸರಿಹೋಗುವ ವಿದ್ಯುತ್ ಭಾಗಗಳೂ ಇವೆ: ಇಗ್ನಿಷನ್ ಕಾಯಿಲ್, ಇಗ್ನಿಷನ್ ಮಾಡ್ಯೂಲ್, ಪಾಯಿಂಟ್ ಇರುವ ಕಾರಿನಲ್ಲಿ ಕಂಡೆನ್ಸರ್, ಎಂಪಿಎಫ್‌ಐನಲ್ಲಿ ಕ್ರ್ಯಾಂಕ್ ಅಥವಾ ಕ್ಯಾಮ್ ಸೆನ್ಸರ್. ಇವುಗಳ ಪರೀಕ್ಷೆ ದೋಷ ಇರುವ ಆ ಹದಿನೈದು ನಿಮಿಷದಲ್ಲೇ ಆಗಬೇಕು. ಹೆಚ್ಚುವರಿ ಪ್ಲಗ್ ಒಂದನ್ನು ಕಾರಿನಲ್ಲಿಡಿ. ಪ್ಲಗ್ ವೈರಿಗೆ ಅದನ್ನು ಸಿಕ್ಕಿಸಿ, ಅದರ ಲೋಹದ ಮೈಯನ್ನು ಇಂಜಿನ್ನಿನ ಬರಿಯ ಲೋಹಕ್ಕೆ ಜಂಪರ್ ವೈರಿನಿಂದ ಭದ್ರವಾಗಿ ಜೋಡಿಸಿ, ಕೈ ದೂರವಿಟ್ಟು ಸೆಲ್ಫ್ ಹೊಡೆಸಿ. ನೀಲಿ ಕಿಡಿ ಚಟಚಟ ಬಂದರೆ ಕಾಯಿಲ್ ನಿರಪರಾಧಿ. ಹಳದಿಯಾಗಿ ಸೊರಗಿದ್ದರೆ ಅಥವಾ ಕಿಡಿಯೇ ಇಲ್ಲದಿದ್ದರೆ ಅನುಮಾನ ಗಟ್ಟಿಯಾಯಿತು. ಕೈಯಲ್ಲಿ ಹಿಡಿದು ಈ ಪರೀಕ್ಷೆ ಮಾಡಲೇಕೂಡದು. ಸಾವಿರಾರು ವೋಲ್ಟ್ ಇರುತ್ತದೆ. ಪೆಟ್ರೋಲ್ ವಾಸನೆ ಇರುವಾಗಲೂ, ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರೂ ಇದಕ್ಕೆ ಇಳಿಯಬೇಡಿ.

ಮಳೆ, ಮಂಜಿನ ದಿನ ಮಾತ್ರ ತಕರಾರು

ತೇವಕ್ಕೆ ಹೆದರುವುದು ಕಿಡಿಯ ವಿದ್ಯುತ್ ಒಯ್ಯುವ ಹೈ ಟೆನ್ಷನ್ ದಾರಿ: ಕಾಯಿಲ್, ಪ್ಲಗ್ ವೈರ್, ಆ ವಿದ್ಯುತ್ತನ್ನು ಸಿಲಿಂಡರುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್. ಬೆಳಕಿಲ್ಲದ ಜಾಗದಲ್ಲಿ ರಾತ್ರಿ ಕಾರು ನಿಲ್ಲಿಸಿ, ಇಂಜಿನ್ ಓಡುತ್ತಿರುವಾಗ ಬಾನೆಟ್ ತೆರೆಯಿರಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳುವ ತನಕ ಕಾಯಿರಿ. ಸ್ಪ್ರೇ ಬಾಟಲಿಯಿಂದ ನೀರನ್ನು ಮಂಜಿನಂತೆ ವೈರುಗಳ ಮೇಲೆ ಚಿಮುಕಿಸಿ. ಹಳೆಯ ವೈರಿನ ಮೈಯಿಂದ ಪಕ್ಕದ ಲೋಹಕ್ಕೆ ಸಣ್ಣ ನೀಲಿ ಎಳೆಗಳು ಹಾರುವುದು ಕಾಣುತ್ತದೆ, ಅದೇ ಕ್ಷಣ ಇಂಜಿನ್ ಮಿಸ್ಸಿಂಗ್ ಹೊಡೆಯುತ್ತದೆ (ಸಿಲಿಂಡರ್ ಉರಿಯದೆ ತಪ್ಪುತ್ತದೆ). ಹಗಲಿನಲ್ಲಿ ಎಷ್ಟು ನೋಡಿದರೂ ಸಿಗದ ದೋಷ ಹೀಗೆ ಒಂದು ನಿಮಿಷದಲ್ಲಿ ಬಯಲಾಗುತ್ತದೆ. ಕೈ ಮಾತ್ರ ವೈರಿನಿಂದ ದೂರವಿರಲಿ, ನೀರು ಫ್ಯೂಸ್ ಡಬ್ಬಿಗೆ, ಕಂಪ್ಯೂಟರಿಗೆ ಬೀಳದಿರಲಿ.

ಡಿಸ್ಟ್ರಿಬ್ಯೂಟರ್ ಕ್ಯಾಪ್ ಬಿಚ್ಚಿ ಒಳಗೆ ಪೆನ್ಸಿಲಿನಲ್ಲಿ ಗೀರಿದಂಥ ತೆಳು ಕರಿ ಗೆರೆ ಇದೆಯೇ ನೋಡಿ. ಇದ್ದರೆ ಕ್ಯಾಪ್ ಬದಲಿಸಲೇಬೇಕು, ಒರೆಸಿದರೆ ಎರಡು ದಿನದಲ್ಲಿ ಮತ್ತೆ ಮೂಡುತ್ತದೆ. ಬರೀ ತೇವವಿದ್ದರೆ ಒಣ ಹತ್ತಿ ಬಟ್ಟೆ ಸಾಕು.

ರೈಲ್ವೆ ಕೆಳಸೇತುವೆಯ ನೀರಿನಲ್ಲಿ ಕಾರು ನಿಂತುಹೋದರೆ ಮತ್ತೆ ಸೆಲ್ಫ್ ಹೊಡೆಯಬೇಡಿ. ಸಿಲಿಂಡರಿಗೆ ನೀರು ಸೇರಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಇಂಜಿನ್ನೇ ಹೋಗುತ್ತದೆ. ತಳ್ಳಿ ಹೊರತಂದು ಟೋಯಿಂಗ್ ಮಾಡಿಸಿ.

ವೇಗದಲ್ಲಿ ಚೆನ್ನಾಗಿ ಓಡುತ್ತದೆ, ನಿಂತ ಕೂಡಲೇ ಆಫ್

ಹೆದ್ದಾರಿ 44ರಲ್ಲಿ ತಕರಾರಿಲ್ಲದೆ ಬಂದ ಕಾರು ಊರೊಳಗಿನ ಸರ್ಕಲ್ಲಿನಲ್ಲಿ ಕಾಲು ತೆಗೆದೊಡನೆ ಸತ್ತುಹೋದರೆ, ದೋಷ ಐಡ್ಲಿಂಗ್ ದಾರಿಯಲ್ಲೇ ಇದೆ. ಪಂಪ್, ಕಾಯಿಲ್ ಮೇಲೆ ಖರ್ಚು ಮಾಡಬೇಡಿ.

ಕಾರ್ಬುರೇಟರಿನಲ್ಲಿ ಐಡ್ಲಿಂಗಿಗೆ ಬೇರೆಯೇ ಒಂದು ಸೂಕ್ಷ್ಮ ದಾರಿಯುಂಟು. ಅದರ ಜೆಟ್ಟಿನ ತೂತು ಎಷ್ಟು ಕಿರಿದೆಂದರೆ ಟ್ಯಾಂಕಿನ ತಳದ ಒಂದು ಕಸದ ಕಣ ಸಾಕು. ಚೋಕ್ ಸ್ವಲ್ಪ ಎಳೆದರೆ ಇಂಜಿನ್ ಓಡುತ್ತಿರುತ್ತದೆ, ಬಿಟ್ಟರೆ ಆಫ್ ಎನ್ನುವುದು ಇದರ ನಿಖರ ಗುರುತು. ಹಲವು ಕಾರ್ಬುರೇಟರುಗಳಲ್ಲಿ ಈ ದಾರಿಗೆ ಒಂದು ಸೊಲೆನಾಯ್ಡ್ ಇರುತ್ತದೆ. ಕೀ ಆನ್ ಮಾಡಿದಾಗ ಅದು 'ಟಿಕ್' ಎನ್ನಬೇಕು. ಬೆರಳಿಟ್ಟು ನೋಡಿದರೆ ತಿಳಿಯುತ್ತದೆ. ವೈರ್ ಸಡಿಲಿದ್ದರೆ ಚಕ್ರ ರಸ್ತೆಯ ಗುಂಡಿಗೆ ಬಿದ್ದಾಗಲೆಲ್ಲ ಐಡ್ಲಿಂಗ್ ಹೋಗಿ ಬರುತ್ತದೆ. ಜೆಟ್ ಬಿಚ್ಚಿದರೆ ಕಾರ್ಬುರೇಟರ್ ಕ್ಲೀನರ್ ಮತ್ತು ಗಾಳಿಯಿಂದಲೇ ಶುಚಿ ಮಾಡಿ. ತಂತಿ, ಸೂಜಿ ಹಾಕಿದರೆ ತೂತು ಹಿಗ್ಗಿ ಮೈಲೇಜ್ ಶಾಶ್ವತವಾಗಿ ಹೋಗುತ್ತದೆ. ಮಿಶ್ರಣದ ಸ್ಕ್ರೂ ಮುಟ್ಟುವ ಮೊದಲು ಅದು ಎಷ್ಟು ಸುತ್ತಿನಲ್ಲಿದೆ ಎಂದು ಎಣಿಸಿ ಬರೆದಿಡಿ.

ಎಂಪಿಎಫ್‌ಐನಲ್ಲಿ ಇದೇ ಕೆಲಸ ಐಡಲ್ ಏರ್ ಕಂಟ್ರೋಲ್ ವಾಲ್ವಿನದು. ಇಂಜಿನ್ನಿಗೆ ಗಾಳಿ ಒಳಬಿಡುವ ಥ್ರಾಟಲ್ ಬಾಡಿಯ ತಗಡಿನ ಅಂಚಿಗೆ ಕರಿ ಜಿಡ್ಡು ಕಟ್ಟಿದರೆ ಗಾಳಿಯ ದಾರಿ ಮುಚ್ಚಿ, ಎಸಿ ಅಥವಾ ಹೆಡ್‌ಲೈಟ್ ಹಾಕಿದೊಡನೆ ಇಂಜಿನ್ ಕುಸಿಯುತ್ತದೆ. ಇಂಜಿನ್ ತಣ್ಣಗಿರುವಾಗ ಥ್ರಾಟಲ್ ಕ್ಲೀನರ್ ಮತ್ತು ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಬಹಳಷ್ಟು ಕಾರುಗಳು ಸರಿಹೋಗುತ್ತವೆ. ಶುಚಿ ಮಾಡಿದ ಮೇಲೆ ಐಡ್ಲಿಂಗ್ ಸ್ವಲ್ಪ ಹೊತ್ತು ಹೆಚ್ಚು ಕಡಿಮೆಯಾಗಬಹುದು. ರೇಡಿಯೇಟರ್ ಫ್ಯಾನ್ ಒಮ್ಮೆ ತಿರುಗುವ ತನಕ ಓಡಲು ಬಿಡಿ. ಥ್ರಾಟಲ್ಲಿನ ಸ್ಟಾಪ್ ಸ್ಕ್ರೂ ತಿರುಗಿಸಿ ಐಡ್ಲಿಂಗ್ ಏರಿಸುವ ಅಭ್ಯಾಸ ಕೆಲವು ಕಡೆ ಇದೆ. ದಯವಿಟ್ಟು ಒಪ್ಪಬೇಡಿ. ದೋಷ ಅಡಗುತ್ತದೆಯೇ ಹೊರತು ಹೋಗುವುದಿಲ್ಲ, ಸೆನ್ಸರಿನ ಲೆಕ್ಕವೂ ತಪ್ಪುತ್ತದೆ.

ಥರ್ಮೋಸ್ಟ್ಯಾಟ್ ವಿಷಯದಲ್ಲಿ ನನಗೆ ನಿಜಕ್ಕೂ ಸಂಕಟವಾಗುತ್ತದೆ. "ನಮ್ಮ ಬಿಸಿಲಿಗೆ ಇದು ಬೇಡ" ಎಂದು ಕಿತ್ತೆಸೆದ ಕಾರುಗಳು ಲೆಕ್ಕವಿಲ್ಲದಷ್ಟಿವೆ. ಸುಮಾರು 82ರಿಂದ 88 ಡಿಗ್ರಿಯಲ್ಲಿ ತೆರೆಯುವ ಈ ಪುಟ್ಟ ಕವಾಟ ಇಲ್ಲದಿದ್ದರೆ ಇಂಜಿನ್ ಬೇಗ ಕಾಯುವುದಿಲ್ಲ. ಕಾಯದ ಇಂಜಿನ್ನಿಗೆ ಕಂಪ್ಯೂಟರ್ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ; ಪ್ಲಗ್ ಮಸಿ ಹಿಡಿಯುತ್ತದೆ, ಐಡ್ಲಿಂಗ್ ಕೆಡುತ್ತದೆ, ಎಣ್ಣೆ ತೆಳುವಾಗುತ್ತದೆ. ಕಾರು ಬಿಸಿಯಾಗುತ್ತಿತ್ತೆಂದು ಅದನ್ನು ತೆಗೆದಿದ್ದರೆ, ನಿಜವಾದ ಕಾರಣ ಬಹುಪಾಲು ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿದ ರೇಡಿಯೇಟರ್. ಅದನ್ನು ಶುಚಿ ಮಾಡಿಸಿ, ಥರ್ಮೋಸ್ಟ್ಯಾಟ್ ಮತ್ತೆ ಹಾಕಿಸಿ, ಕೂಲೆಂಟ್ ತುಂಬಿಸಿ.

ಐಡ್ಲಿಂಗ್ ಏರುತ್ತದೆ, ಇಳಿಯುತ್ತದೆ, ಇಲ್ಲವೇ ಏರಿದ್ದು ಇಳಿಯುವುದೇ ಇಲ್ಲ

ಇದು ಎಲ್ಲಿಂದಲೋ ಕಳ್ಳಗಾಳಿ ಒಳನುಗ್ಗುತ್ತಿರುವ ಲಕ್ಷಣ. ಸಿಲಿಂಡರುಗಳಿಗೆ ಗಾಳಿ ಒಯ್ಯುವ ಇಂಟೇಕ್ ಮ್ಯಾನಿಫೋಲ್ಡಿನಿಂದ ಹೊರಡುವ ಸಣ್ಣ ರಬ್ಬರ್ ಪೈಪುಗಳನ್ನು ಬಾಗಿಸಿ ನೋಡಿ, ತುದಿಯಲ್ಲಿ ಸೀಳಿರುತ್ತವೆ. ಒಂದೊಂದನ್ನೇ ಬೆರಳಿನಿಂದ ಹಿಸುಕಿ. ಯಾವುದನ್ನು ಹಿಸುಕಿದಾಗ ಐಡ್ಲಿಂಗ್ ಸರಿಹೋಗುತ್ತದೋ ಆ ದಾರಿಯನ್ನು ಹಿಡಿಯಿರಿ. ಗ್ಯಾಸ್ಕೆಟ್ ಅಂಚಿಗೆ ಸ್ವಲ್ಪ ನೀರು ಚಿಮುಕಿಸಿದಾಗ ಇಂಜಿನ್ ಸದ್ದು ಬದಲಾದರೆ ಸೋರಿಕೆ ಅಲ್ಲಿದೆ. ಇದಕ್ಕೆ ಪೆಟ್ರೋಲ್ ಅಥವಾ ಕ್ಲೀನರ್ ಸ್ಪ್ರೇ ಬಳಸುವವರಿದ್ದಾರೆ. ಬಿಸಿ ಸೈಲೆನ್ಸರ್ ಪಕ್ಕದಲ್ಲಿ ಅದು ಬೆಂಕಿಗೆ ಆಹ್ವಾನ.

ಬ್ರೇಕ್ ಒತ್ತಿದಾಗ ಮಾತ್ರ ಐಡ್ಲಿಂಗ್ ಬದಲಾಗಿ, ಪೆಡಲ್ ಗಟ್ಟಿಯಾಗಿ, ಉಸ್ ಎಂಬ ಸದ್ದು ಬಂದರೆ ಬ್ರೇಕ್ ಬೂಸ್ಟರ್ ಸೋರುತ್ತಿದೆ. ಕಾರು ಅಲ್ಲೇ ನಿಲ್ಲಲಿ. ಗ್ಯಾರೇಜಿನವರನ್ನೇ ಕರೆಸಿ.

ಈಗ ಪಂಪುಗಳಲ್ಲಿ ಸಿಗುವ ಇ20 ಪೆಟ್ರೋಲಿನ ಬಗ್ಗೆಯೂ ತಿಳಿದಿರಿ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಇದರ ಮಾರಾಟಕ್ಕೆ ಚಾಲನೆ ದೊರೆತಿತ್ತು. ಶೇ 20ರಷ್ಟು ಎಥನಾಲ್ ಇರುವ ಈ ಪೆಟ್ರೋಲ್ ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ಟ್ಯಾಂಕಿನ ಜಿಡ್ಡನ್ನು ಕರಗಿಸಿ ಫಿಲ್ಟರಿಗೆ ತರುತ್ತದೆ, ಅದಕ್ಕೆಂದು ಮಾಡದ ರಬ್ಬರನ್ನು ಉಬ್ಬಿಸಿ ಬಿರುಕು ಬಿಡಿಸುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವ ಕಾರಿನಲ್ಲಿ ಹಳೆಯ ಪೆಟ್ರೋಲ್ ಉಳಿಸಬೇಡಿ. ಪೈಪ್ ಬದಲಿಸುವಾಗ ಎಥನಾಲ್ ತಡೆಯುವಂಥದ್ದನ್ನೇ ಕೇಳಿ ಹಾಕಿಸಿ. ಎಂಪಿಎಫ್‌ಐಗೆ ಹೆಚ್ಚು ಒತ್ತಡ ತಾಳುವ ಪೈಪೇ ಬೇಕು. ಎಲ್ಲಿಯೇ ಆಗಲಿ ಪೆಟ್ರೋಲ್ ತೊಟ್ಟಿಕ್ಕುವುದು ಕಂಡರೆ ಸ್ಟಾರ್ಟ್ ಮಾಡಬೇಡಿ.

ಓಡುತ್ತಿರುವಾಗಲೇ ನಿಂತುಹೋಗುತ್ತದೆ

ಮೊದಲು ಕಾರನ್ನು ಎಡಕ್ಕೆ ತಂದು ಹಜಾರ್ಡ್ ದೀಪ ಹಾಕಿ. ಇಂಜಿನ್ ನಿಂತ ಮೇಲೆ ಬ್ರೇಕ್ ಗಟ್ಟಿಯಾಗುತ್ತದೆ, ಬಲವಾಗಿ ಒತ್ತಬೇಕು. ನಂತರ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆರೆಯಿರಿ. ಉಸ್ ಎಂದು ಗಾಳಿ ಒಳಗೆ ಎಳೆದುಕೊಂಡು, ಕೂಡಲೇ ಕಾರು ಸ್ಟಾರ್ಟ್ ಆದರೆ ಮುಚ್ಚಳದ ಗಾಳಿರಂಧ್ರ ಕಟ್ಟಿದೆ. ಟ್ಯಾಂಕಿನಲ್ಲಿ ಗಾಳಿಯಿಲ್ಲದೆ ಪಂಪ್ ಪೆಟ್ರೋಲ್ ಎಳೆಯಲಾಗುತ್ತಿರಲಿಲ್ಲ.

ನಿಲ್ಲುವ ಮುಂಚೆ ಎಳೆದಾಡಿ, ಕೆಮ್ಮಿ ನಿಂತರೆ ಪೆಟ್ರೋಲ್ ಕಡೆಯ ದೋಷ: ಫಿಲ್ಟರ್, ಪಂಪ್, ಟ್ಯಾಂಕಿನ ಕಸ. ಸ್ವಿಚ್ ಆರಿಸಿದಂತೆ ದಿಢೀರನೆ ನಿಂತರೆ ವಿದ್ಯುತ್ ಕಡೆಯದು: ಕೀ ಸ್ವಿಚ್, ರಿಲೇ, ಕಾಯಿಲ್, ಸೆನ್ಸರ್. ಕೀ ಗೊಂಚಲಿನ ಭಾರಕ್ಕೆ ಹಳೆಯ ಸ್ವಿಚ್ ಸವೆದಿರುವುದೂ ಉಂಟು. ಬರೀ ಒಂದೇ ಕೀ ಹಾಕಿ ಕೆಲವು ದಿನ ಓಡಿಸಿ ನೋಡಿ. ನಿಂತ ಮೇಲೆ ಸೆಲ್ಫ್ ಎಂದಿಗಿಂತ ಹಗುರವಾಗಿ, ಸರ್ರನೆ ತಿರುಗಿದರೆ ಟೈಮಿಂಗ್ ಬೆಲ್ಟ್ ತುಂಡಾಗಿರಬಹುದು. ಮತ್ತೆ ಸೆಲ್ಫ್ ಬೇಡ.

ಗ್ಯಾರೇಜಿಗೆ ಹೋಗುವ ಹೊತ್ತು

ಇದಿಷ್ಟು ಮಾಡಿಯೂ ಒಂದು ಸಿಲಿಂಡರ್ ಸದಾ ಮಿಸ್ಸಿಂಗ್ ಹೊಡೆಯುತ್ತಿದ್ದರೆ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆ ಮಾಡಿಸಿ. ಮಾರುತಿ 800, ಓಮ್ನಿಯ ಮೂರು ಸಿಲಿಂಡರಿನ 796 ಸಿಸಿ ಇಂಜಿನ್ನಿನಲ್ಲಿ ಒಂದು ಸೊರಗಿದರೂ ಇಡೀ ಕಾರು ನಡುಗುತ್ತದೆ. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಲು ಹೇಳಿ. ಅಂಕಿ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ವಾಲ್ವ್ ಕ್ಲಿಯರೆನ್ಸ್ (ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಸಂದು) ಬಿಗಿಯಾಗಿದ್ದರೂ ಬಿಸಿಯಾದ ಮೇಲೆ ಐಡ್ಲಿಂಗ್ ಕೆಡುತ್ತದೆ, ಆದ್ದರಿಂದ ಹೆಡ್ ಬಿಚ್ಚಲು ಒಪ್ಪುವ ಮೊದಲು ಅದನ್ನು ಅಳೆಸಿ. ಡಿಪ್‌ಸ್ಟಿಕ್ಕಿನ ಎಣ್ಣೆ ಕಾಫಿ ಬಣ್ಣಕ್ಕೆ ತಿರುಗಿದ್ದರೆ, ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತಿದ್ದರೆ ಕಾರು ಓಡಿಸದೆ ಎಳೆಸಿಕೊಂಡು ಹೋಗಿ.

ಹೋಗುವ ದಾರಿಯಲ್ಲಿ ಎಮಿಷನ್ ಟೆಸ್ಟ್ ಮಾಡಿಸಿದರೆ ಅದೂ ಒಂದು ಅಗ್ಗದ ತಪಾಸಣೆಯೇ. ಚೀಟಿಯಲ್ಲಿ ನಿಮ್ಮ ಕಾರಿಗೆ ಗೊತ್ತುಪಡಿಸಿದ ಮಿತಿಯೂ ಬಂದ ಅಂಕಿಯೂ ಅಕ್ಕಪಕ್ಕ ಇರುತ್ತವೆ. ಸಿಓ (ಕಾರ್ಬನ್ ಮೊನಾಕ್ಸೈಡ್) ಹೆಚ್ಚಿದ್ದರೆ ಪೆಟ್ರೋಲ್ ಹೆಚ್ಚು ಹೋಗುತ್ತಿದೆ. ಸಿಓ ಕಡಿಮೆಯಿದ್ದು ಎಚ್‌ಸಿ (ಹೈಡ್ರೋಕಾರ್ಬನ್) ಮಾತ್ರ ಏರಿದ್ದರೆ ಪೆಟ್ರೋಲ್ ಉರಿಯದೆ ಹೊರಬರುತ್ತಿದೆ: ಕಿಡಿ ತಪ್ಪುತ್ತಿದೆ ಅಥವಾ ಕಳ್ಳಗಾಳಿ ಸೇರಿದೆ. ಪಾಸ್ ಆಯಿತೆಂದು ಆ ಕಾಗದವನ್ನು ಮಡಚಿ ಒಳಗಿಡುವ ಬದಲು ಮೆಕ್ಯಾನಿಕ್‌ಗೆ ತೋರಿಸಿ.

ಅವರ ಮುಂದೆ "ಕಾಯಿಲ್ ಹೋಗಿದೆ, ಹಾಕಿಬಿಡಿ" ಎನ್ನಬೇಡಿ. "ಅರ್ಧ ಗಂಟೆ ಓಡಿಸಿ ಹತ್ತು ನಿಮಿಷ ನಿಲ್ಲಿಸಿದರೆ ಹಿಡಿಯುವುದಿಲ್ಲ, ಪೆಟ್ರೋಲ್ ವಾಸನೆ ಇಲ್ಲ, ಕಿಡಿ ಹಳದಿ ಬಂತು, ತಣಿದ ಮೇಲೆ ಸರಿ" ಎಂದು ಹೇಳಿ, ಬರೆದ ಪುಸ್ತಕ ಕೊಡಿ. ಬಿಸಿಯಲ್ಲಿ ಬರುವ ದೋಷವಾದರೆ ಕಾರನ್ನು ಬಿಸಿಯಾಗಿಯೇ ಒಯ್ಯಿರಿ. ಬೆಳಗಿನ ದೋಷವಾದರೆ ಹಿಂದಿನ ರಾತ್ರಿಯೇ ಅಲ್ಲಿ ಬಿಟ್ಟು ಬನ್ನಿ. ಒಮ್ಮೆಗೆ ಒಂದೇ ಭಾಗ ಬದಲಿಸಲು ಹೇಳಿ, ತೆಗೆದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ದೋಷ ಹೋಗದಿದ್ದರೆ ಆ ಹಳೆಯದು ಚೆನ್ನಾಗಿಯೇ ಇತ್ತೆಂದು ತಿಳಿಯುತ್ತದೆ, ಡಿಕ್ಕಿಯಲ್ಲಿ ಹೆಚ್ಚುವರಿಯಾಗಿ ಇಟ್ಟುಕೊಳ್ಳಬಹುದು.